ಯಾವ ತಕ್ಕಡಿಯನ್ನೂ ನಂಬದ ನಮ್ಮ ಭಾವ

ತೂಕ ಇಳಿಸುವುದಕ್ಕೆಂದು ನಮ್ಮ ಭಾವ ಕೊಂಡು ತಂದ ಸಾಮಾನುಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ ತೂಗಿದರೆ ಅವು ಅವರಿಗಿಂತ ಭಾರವಾಗುತ್ತವೆ. ಸುಮ್ಮನೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ! ಬೇಕಾದರೆ ಕೆಂಪಾಪುರದ ಅವರ ಮನೆಗೆ ಬಂದು ನೋಡಿ. ಬಾಗಿಲು ಪೂರ್ತಿ ತೆರೆಯುವುದಿಲ್ಲ, ಹಿಂದೆ ವ್ಯಾಯಾಮದ ಸೈಕಲ್ಲು ನಿಂತಿದೆ. ಸೋಫಾದ ಮೇಲೆ ಕೂರುವ ಹಾಗಿಲ್ಲ, ಬೆವರಿಳಿಸುವ ಬೆಲ್ಟು ಅಲ್ಲಿ ಮೈ ಚಾಚಿಕೊಂಡು ಮಲಗಿದೆ. ಕೈ ತೊಳೆಯಲು ಹೋದರೆ ಕಾಲಿಗೆ ಡಂಬೆಲ್ಲು ತಗಲುತ್ತದೆ.

ಇದು ಚಂದ ಕಾಣಬೇಕೆಂಬ ಆಸೆಯಿಂದ ಶುರುವಾದ ಹುಚ್ಚಲ್ಲ. ನಮ್ಮ ಅಕ್ಕನ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ದಿನ ಹೆಬ್ಬಾಳದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ನಾನು ಕೊಡೋಣವೆಂದರೆ ನನ್ನ ರಕ್ತದ ಗುಂಪು ಹೊಂದಲಿಲ್ಲ. ತಮ್ಮ ಮುಂದೆ ಬಂದ. ಇನ್ನೇನು ಆಯಿತು ಅನ್ನುವಷ್ಟರಲ್ಲಿ ಅವನಿಗೆ ಸಕ್ಕರೆ ಕಾಯಿಲೆ ಇದೆಯೆಂದು ವಾಪಸ್ಸು ಕಳಿಸಿದರು. ಉಳಿದವರು ಭಾವ. ರಕ್ತ ಹೊಂದಿತು. ಬಿ.ಪಿ. ಇಲ್ಲ, ಸಕ್ಕರೆ ಇಲ್ಲ. ತೂಕ ಮಾತ್ರ ತೊಂಬತ್ತೆಂಟು! “ಎಂಬತ್ತೈದಕ್ಕೆ ಇಳಿದು ಬನ್ನಿ, ಆಮೇಲೆ ಮುಂದಿನದು ಮಾತಾಡೋಣ” ಅಂದರು ಡಾಕ್ಟರು.

ಈಗ ನೀವೇ ಹೇಳಿ. ಬೀದಿ ಕೊನೆಯ ಅಂಗಡಿಗೆ ಬೆಂಕಿಪೊಟ್ಟಣ ತರಲೂ ಸ್ಕೂಟರ್ ಹತ್ತುವ ಮನುಷ್ಯ, ಅದೇ ವಾರದಿಂದ ಒಂದರ ಹಿಂದೊಂದು ಸಾಮಾನು ಕೊಂಡು ತರತೊಡಗಿದರೆ ಅನುಮಾನ ಬರುವುದಿಲ್ಲವೇ? ನನಗಂತೂ ಬಂತು. ಕೊಳ್ಳುವುದು ಸುಲಭ, ಇಳಿಸುವುದು ಕಷ್ಟ. ಕೊಳ್ಳುತ್ತಾ ಕೊಳ್ಳುತ್ತಾ ಕಾಲ ತಳ್ಳುವ ಉಪಾಯ ಇರಬಾರದೇಕೆ? ನಾನು ಅಕ್ಕನ ತಂಗಿ. ಭಾವನ ಮೇಲೆ ಅನುಮಾನ ಪಡುವುದು ನನ್ನ ಹುಟ್ಟುಹಕ್ಕು. ಯಲಹಂಕದಿಂದ ವಾರಕ್ಕೆರಡು ಸಲ ಬಸ್ಸು ಹತ್ತಿ ಪತ್ತೇದಾರಿಗೆ ಹೋಗತೊಡಗಿದೆ.

ಮೊದಲು ಬಂದದ್ದು ತೂಕದ ಮಿಷಿನ್ನು. ಅದರ ಮೇಲೆ ನಿಂತ ಭಾವ ಕೆಳಗಿಳಿದು ಅದನ್ನು ಬಗ್ಗಿ ನೋಡಿದರು, ಮಗುಚಿ ನೋಡಿದರು, ಕಿವಿಗೆ ಹಿಡಿದು ಅಲ್ಲಾಡಿಸಿದರು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಅವರ ವಂಶದಲ್ಲೇ ಅಳತೆಯನ್ನು ನಂಬಿದವರಿಲ್ಲ. ಹೊಲ ಅಳೆಯಲು ಸರ್ವೆಯವರು ಬಂದು ಚೈನು ಎಳೆದು ಹೋದ ಮೇಲೆ ಇವರ ತಾತ ಹೆಜ್ಜೆ ಹಾಕಿ ಅಳೆಯುತ್ತಿದ್ದರಂತೆ. ತಾತನ ಹೆಜ್ಜೆ ನಂಬದೆ ಇವರ ಅಪ್ಪ ಹಗ್ಗ ಹಿಡಿದು ಹೋಗುತ್ತಿದ್ದರಂತೆ. ಹೊಲ ಹೋಗಿ ಸೈಟು ಬಂತು, ಸೈಟು ಹೋಗಿ ಬಾಡಿಗೆ ಮನೆಗಳು ಬಂದವು. ಅನುಮಾನ ಮಾತ್ರ ಪಿತ್ರಾರ್ಜಿತವಾಗಿ ಒಂದಿಂಚೂ ಕಡಿಮೆಯಾಗದೆ ಭಾವನಿಗೆ ಬಂದಿದೆ.

“ಇದು ಸುಳ್ಳು ಏಳ್ತೈತೆ ಕಣಮ್ಮ” ಅಂದರು.

ಮೊದಲನೆಯದನ್ನು ಪರೀಕ್ಷೆ ಮಾಡಲು ಎರಡನೆಯದು ಬಂತು. ಅದು ಒಂದು ಕೆಜಿ ಹೆಚ್ಚು ತೋರಿಸಿತು. ಇಬ್ಬರ ಜಗಳ ಬಿಡಿಸಲು ಮೂರನೆಯದು ಬಂತು. ಅದು ಇನ್ನೊಂದು ಕೆಜಿ ಹೆಚ್ಚು ತೋರಿಸಿತು! ದಿನಾ ಬೆಳಗ್ಗೆ ಭಾವ ಹಳೇ ಚಪ್ಪಡಿ ಕಲ್ಲಿನ ನೆಲದ ಮೇಲೆ ಮೂರನ್ನೂ ಸಾಲಾಗಿ ಇಟ್ಟು, ಒಂದರಿಂದ ಒಂದಕ್ಕೆ ದಾಟುತ್ತಿದ್ದರು. ಕೊನೆಗೆ ಮೂರರಲ್ಲಿ ಯಾವುದು ದೊಡ್ಡದೋ ಅದೇ ನಿಜ ಎಂದು ತೀರ್ಪು ಕೊಡುತ್ತಿದ್ದರು.

ನನಗೆ ಇಲ್ಲೇ ಹೊಗೆ ಕಾಣಿಸಿದ್ದು. ತೂಕ ಇಳಿಸುವ ಯಾವ ಮನುಷ್ಯ ದೊಡ್ಡ ಅಂಕಿಯನ್ನು ಆರಿಸಿಕೊಳ್ಳುತ್ತಾನೆ? ನಾನಾಗಿದ್ದರೆ ಚಿಕ್ಕದನ್ನು ನಂಬಿ ಮಿಕ್ಕೆರಡನ್ನು ಗುಜರಿಗೆ ಹಾಕುತ್ತಿದ್ದೆ. ಗುರಿ ಮುಟ್ಟುವ ಮನಸ್ಸಿಲ್ಲದವರು ಮಾತ್ರ ಹೀಗೆ ಮಾಡುತ್ತಾರೆ ಎಂದು ಅಕ್ಕನ ಕಿವಿಯಲ್ಲಿ ಹೇಳಿದೆ.

“ನಿನ್ ತಲೆ” ಅಂದಳು ಅಕ್ಕ. “ಅವ್ರು ನನ್ನ ನೋಡೋಕ್ ಬಂದಾಗ್ಲೂ ಮೂರು ಸಲ ಬಂದ್ರು. ಮೊದಲ್ನೇ ಸಲ ತೋರ್ಸಿದ್ದು ಇದೇ ಹುಡುಗೀನಾ ಅಂತ ಅನುಮಾನ!”

ನಾಲ್ಕನೆಯದು ಅಡುಗೆಮನೆಯ ಪುಟ್ಟ ತಕ್ಕಡಿ, ಅಂಗೈ ಅಗಲದ್ದು. ಉಣ್ಣುವುದನ್ನೆಲ್ಲ ತೂಗಿಯೇ ಉಣ್ಣಬೇಕೆಂದು ಯಾರೋ ಹೇಳಿದ್ದರು. ಒಳ್ಳೆಯದೇ. ಆದರೆ ಅದನ್ನು ಜೇಬಿನಲ್ಲಿಟ್ಟುಕೊಂಡು ಬೀಗರೂಟಕ್ಕೆ ಹೋಗುವುದೇ?

ಸೋಲದೇವನಹಳ್ಳಿಯಲ್ಲಿ ನೆಂಟರ ಬೀಗರೂಟ. ನಮ್ಮ ಕಡೆ ಮದುವೆಗೆ ತಪ್ಪಿಸಿಕೊಂಡರೂ ಕ್ಷಮೆ ಉಂಟು, ಮದುವೆಯಾದ ಮೇಲಿನ ಈ ಬಾಡೂಟಕ್ಕೆ ತಪ್ಪಿಸಿಕೊಂಡರೆ ಇಲ್ಲ. ಹೋದ ಮೇಲೆ ಬೇಡ ಅಂದರಂತೂ ಬಡಿಸಿದವರ ಮೂರು ತಲೆಮಾರಿಗೆ ಅವಮಾನ. ಪಂಕ್ತಿಯಲ್ಲಿ ಕೂತ ಭಾವ ಎಲೆಯ ಪಕ್ಕ ತಕ್ಕಡಿ ಇಟ್ಟು, ಬಿಸಿ ಮುದ್ದೆಯನ್ನು ಎತ್ತಿ ಅದರ ಮೇಲೆ ಕೂರಿಸಿದರು. ಮುನ್ನೂರ ನಲವತ್ತು ಗ್ರಾಂ! ಅರ್ಧ ಮುರಿದು ಪಕ್ಕಕ್ಕಿಟ್ಟರು.

ಪಕ್ಕದಲ್ಲಿದ್ದ ಹಿರಿಯರು ಇದನ್ನೇ ನೋಡುತ್ತಿದ್ದರು. “ನಂದೂ ಒಸಿ ನೋಡು” ಅಂದರು. ಅವರದು ಇನ್ನೂರ ತೊಂಬತ್ತು. ಅವರಾಚೆಯವರದು ಮುನ್ನೂರ ಹತ್ತು. ಹಿರಿಯರ ಮುಖ ಇಳಿಯಿತು. “ಅಂಗಾದ್ರೆ ನಂಗ್ ಮಾತ್ರ ಚಿಕ್ದಾ? ಮನುಷ್ರನ್ನ ನೋಡ್ಕಂಡು ಬಡುಸ್ತಾರಾ?” ತಕ್ಕಡಿ ಕೈಯಿಂದ ಕೈಗೆ ಹೋಗಿ ಪಂಕ್ತಿಯ ಕೊನೆ ಮುಟ್ಟಿತು. ಮದುವೆ ಹುಡುಗಿಯ ಚಿಕ್ಕಪ್ಪ ಓಡಿ ಬಂದರು. “ಏನ್ ಯಜಮಾನ್ರೇ, ನಮ್ ಮುದ್ದೆ ಮೇಲೆ ಅನುಮಾನಾನಾ?” ಮನೆತನದ ಮಾನ ಉಳಿಸಲು ಎಲ್ಲರ ಎಲೆಗೂ ಇನ್ನೊಂದೊಂದು ಮುದ್ದೆ ಬಿತ್ತು, ಮೇಲೆ ಇನ್ನೊಂದು ಸೌಟು ಸಾರು. ಭಾವನ ತಕ್ಕಡಿಯಿಂದ ಆ ದಿನ ಕಡಿಮೆ ಉಂಡವರು ಭಾವ ಒಬ್ಬರೇ. ಮಿಕ್ಕ ಮೂವತ್ತು ಜನ ಡಬಲ್ ಉಂಡರು!

ಅರ್ಧ ಮುದ್ದೆ ಉಂಡರಲ್ಲ, ನಂಬಬಹುದಲ್ಲ ಅಂತೀರಾ? ನಾನು ನಂಬಲಿಲ್ಲ. ಮನೆಗೆ ಹೋಗಿ ಕದ್ದು ತಿನ್ನುವುದಿಲ್ಲವೆಂದು ಏನು ಗ್ಯಾರಂಟಿ? ಅವರ ಸ್ಕೂಟರಿನ ಡಿಕ್ಕಿ ತೆಗೆದು ನೋಡಿದೆ. ಎರಡು ಸೌತೆಕಾಯಿ, ಒಂದು ನೀರಿನ ಬಾಟಲಿ. ಆದರೂ ಸಮಾಧಾನವಾಗಲಿಲ್ಲ.

ಆಮೇಲೆ ಹೆಜ್ಜೆ ಎಣಿಸುವ ಪಟ್ಟಿ ಬಂತು, ಮಣಿಕಟ್ಟಿಗೆ ಕಟ್ಟಿಕೊಳ್ಳುವಂಥದ್ದು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಬೇಕು. ನಾಲ್ಕು ದಿನ ಕೆಂಪಾಪುರದ ಬೀದಿಗಳೆಲ್ಲ ಭಾವನ ಹೆಜ್ಜೆಯಿಂದ ಪಾವನವಾದವು. ಐದನೆಯ ದಿನ ಹಳ್ಳ ಬಿದ್ದ ರಸ್ತೆಯಲ್ಲಿ ಸ್ಕೂಟರಿನಲ್ಲಿ ಹೋಗಿ ಬಂದಾಗ ಪಟ್ಟಿ ಆರುನೂರು ಹೆಜ್ಜೆ ತೋರಿಸಿತು. ಅಷ್ಟೇ! ವಂಶದ ರಕ್ತ ಕುದಿಯಿತು.

ಭಾವನ ಮನೆಯ ಹಿಂದೆ ಇನ್ನೂ ಒಂದು ಹಸು ಇದೆ. ಸುತ್ತ ಅಪಾರ್ಟ್‌ಮೆಂಟು ಎದ್ದರೂ ಅದನ್ನು ಮಾರಿಲ್ಲ. ಮಾರನೆಯ ದಿನ ನಾನು ಹೋದಾಗ ಭಾವ ಕೊಟ್ಟಿಗೆಯಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದರು. ಪಟ್ಟಿ ಹಸುವಿನ ಮುಂಗಾಲಿನಲ್ಲಿತ್ತು.

“ನೋಡು, ಬೆಳಗ್ಗಿಂದ ಗೂಟಕ್ಕೆ ಕಟ್ಟಾಕಿವ್ನಿ. ನಿಂತ್ ಜಾಗದಾಗೇ ಎಲ್ಡು ಸಾವ್ರ ಎಜ್ಜೆ ನಡೆದವ್ಳೆ!”

“ನೊಣ ಓಡಿಸೋಕೆ ಕಾಲು ಒದರಿದೆ ಭಾವ.”

“ಅದುಕ್ಕೇ ಏಳಿದ್ದು ಸುಳ್ಳು ಪಟ್ಟಿ ಅಂತ.” ಹಸುವನ್ನು ಓರೆಗಣ್ಣಿನಿಂದ ನೋಡಿದರು. “ಇಲ್ಲಾಂದ್ರೆ, ನಾನು ಕಾಫಿಗೆ ಒಳೀಕ್ ಓದಾಗ ಇವ್ಳು ಅಗ್ಗ ಬಿಚ್ಕಂಡು ಎಲ್ಲಾರ ಓಗಿದ್ಲಾ?”

ಅಂದಿನಿಂದ ಪಟ್ಟಿ ಹತ್ತು ಸಾವಿರ ಅಂದರೆ ಸಾಲದೆಂದು ಹದಿನೈದು ಸಾವಿರ ನಡೆಯತೊಡಗಿದರು. ನಡೆಯತೊಡಗಿದರೆಂದು ಅವರು ಹೇಳಿದ್ದು. ನಾನು ನೋಡಿದ್ದೇನೆಯೇ?

ಮೂರು ತಿಂಗಳು ಕಳೆಯಿತು. ಅಕ್ಕನ ಕಾಲು ಊದಿಕೊಳ್ಳುತ್ತಿತ್ತು. ಡಯಾಲಿಸಿಸ್ ಮುಗಿಸಿ ಬಂದರೆ ಮಾತಾಡಲೂ ಶಕ್ತಿ ಇರುತ್ತಿರಲಿಲ್ಲ. ಎಷ್ಟಾಯಿತು ಭಾವ ಅಂದರೆ “ಇನ್ನೂ ಐತೆ ಕಣಮ್ಮ” ಎಂಬ ಒಂದೇ ಉತ್ತರ. ನನ್ನ ತಮಾಷೆಯೆಲ್ಲ ಇಂಗಿ ಹೋಗಿ ಅನುಮಾನ ಒಂದೇ ಉಳಿಯಿತು. ರಾತ್ರಿ ನಿದ್ದೆ ಮಾಡಲೂ ಅದು ಬಿಡುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಒಂದು ಭಾನುವಾರ ಭಾವ, “ಯಶವಂತಪುರಕ್ಕೆ ಓಗ್ಬೇಕು, ಸಾಕ್ಷಿಗೆ ಬಾ” ಅಂದರು. ಯಾವುದಕ್ಕೆ ಸಾಕ್ಷಿ? ಹೋದ ಮೇಲೆ ಗೊತ್ತಾಯಿತು, ಲಾರಿ ತೂಗುವ ವೇಬ್ರಿಡ್ಜು! ಈರುಳ್ಳಿ ಲಾರಿಗಳ ಸಾಲಿನಲ್ಲಿ, ಎರಡು ಲಾರಿಗಳ ನಡುವೆ, ನಮ್ಮ ಸ್ಕೂಟರು.

“ಲೋಡ್ ಏನ್ ಸಾರ್?” ಕಿಟಕಿಯೊಳಗಿಂದ ಕೇಳಿದ ತೂಗುವವನು.

“ನಾನೇ ಲೋಡು.”

ಆತ ಹೊರಗೆ ಬಗ್ಗಿ ನೋಡಿದ. “ಗುರು, ಇದು ಟನ್ ಲೆಕ್ಕದ್ದು. ಹತ್ತತ್ತು ಕೆಜಿಗೆ ಒಂದ್ಸಲ ತೋರ್ಸುತ್ತೆ ಅಷ್ಟೇ!”

ಭಾವ ಕೇಳಬೇಕಲ್ಲ! ನಾನು ಕೆಳಗಿಳಿದು ನಿಂತೆ. ಭಾವ ಮತ್ತು ಸ್ಕೂಟರು ಇನ್ನೂರು. ಸ್ಕೂಟರು ಒಂದೇ ನೂರ ಹತ್ತು. ಹಾಗಾದರೆ ಭಾವ ತೊಂಬತ್ತು! ಹಿಂದಿನ ಲಾರಿ ಹಾರ್ನು ಹೊಡೆಯುತ್ತಿತ್ತು. ಭಾವ ಆ ಚೀಟಿಯನ್ನು ಮಡಚಿ, “ನೋಡ್ದಾ? ಇನ್ನೂ ಐತೆ” ಎಂದು ಜೇಬಿಗಿಟ್ಟುಕೊಂಡರು.

ನನಗೆ ತಡೆಯಲಾಗಲಿಲ್ಲ. ಅಲ್ಲೇ, ಈರುಳ್ಳಿ ಮೂಟೆಗಳ ಎದುರಿಗೇ ಅಂದುಬಿಟ್ಟೆ.

“ಭಾವ, ಕಿಡ್ನಿ ಕೊಡೋಕೆ ಭಯ ಇದ್ರೆ ಭಯ ಅಂತ ಹೇಳ್ಬಿಡಿ. ಯಾರೂ ತಪ್ಪು ತಿಳ್ಕೊಳಲ್ಲ. ಹಿಂಗೆ ಮಿಷಿನ್ ಮೇಲೆ ಮಿಷಿನ್ ಹತ್ತಿ ಅಕ್ಕನ ಆಯಸ್ಸು ಕಳೀಬೇಡಿ.”

ಭಾವ ಸ್ಕೂಟರನ್ನು ತಳ್ಳಿಕೊಂಡು ಹೋಗಿ ಗೋಡೆ ಪಕ್ಕ ನಿಲ್ಲಿಸಿದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ.

“ಮನೇಲಿರೋ ಮೂರೂ ಮಿಷಿನ್ನು ಎಂಬತ್ತೈದರ ಕೆಳ್ಗೇ ತೋರುಸ್ತವೆ. ಇಪ್ಪತ್ತು ದಿನ ಆಯ್ತು.”

“ಮತ್ತೆ? ಯಾಕ್ ಹೇಳ್ಲಿಲ್ಲ?”

“ಮೂರೂ ಸುಳ್ಳಾಗಿದ್ರೆ?” ಅಂದರು. “ನಿನ್ ತಮ್ಮನ್ನ ಬ್ಯಾಡ ಅಂದು ಕಳ್ಸುದ್ರಲ್ಲ, ಅವತ್ತು ನಿಮ್ಮಕ್ಕ ನಿಮ್ಮೆಲ್ಲಾರ್ ಎದ್ರಿಗೆ ನಗ್ತಾನೇ ಇದ್ಲು. ಮನೇಗ್ ಬಂದೋಳು ಬಚ್ಚಲುಮನೆಗೆ ಓಗಿ, ನಲ್ಲಿ ಬಿಟ್ಕಂಡು ಅತ್ಲು. ನಂಗೆ ಕೇಳ್ಬಾರ್ದು ಅಂತ. ನಾನು ಬಾಗ್ಲಲ್ಲೇ ನಿಂತಿದ್ದೆ ಕಣಮ್ಮ. ನಾನೂ ಓಗಿ, ಆ ಆಸ್ಪತ್ರೆ ಮಿಷಿನ್ನು ಒಂದ್ ಕೆಜಿ ಜಾಸ್ತಿ ತೋರ್ಸಿ, ನನ್ನೂ ವಾಪಸ್ ಕಳುಸುದ್ರೆ? ಇನ್ನೊಂದ್ ಸಲ ಆ ನಲ್ಲಿ ಸದ್ದು ಕೇಳೋ ಶಕ್ತಿ ನಂಗಿಲ್ಲ.”

ನಾನು ಸ್ಕೂಟರಿನ ಹಿಂದೆ ಕೂತೆ. ಗಾಡಿ ಹೊರಟಾಗ ಆಸರೆಗೆಂದು ಅವರ ಷರ್ಟು ಹಿಡಿದೆ. ಹಿಡಿ ತುಂಬಾ ಬಟ್ಟೆಯೇ ಬಂತು. ಹಳೇ ಷರ್ಟಿನೊಳಗೆ ಭಾವ ಎಷ್ಟೋ ಒಳಕ್ಕೆ ಸರಿದಿದ್ದರು. ಮೂರು ತಿಂಗಳಿಂದ ನಾನು ಅಂಕಿಗಳನ್ನು ಪತ್ತೆ ಮಾಡುತ್ತಾ ಮನುಷ್ಯನನ್ನೇ ನೋಡಿರಲಿಲ್ಲ. ಹೆಬ್ಬಾಳದ ಫ್ಲೈಓವರ್ ಬರುವ ತನಕ ನಾಚಿಕೆಯಿಂದ ತಲೆ ಎತ್ತಲಿಲ್ಲ.

ಮರುದಿನವೇ ಭಾವನನ್ನು ನಾನೇ ಹೊರಡಿಸಿ, ಮೂವರೂ ಆಸ್ಪತ್ರೆಗೆ ಹೋದೆವು. ಭಾವ ಚಪ್ಪಲಿ ಬಿಟ್ಟರು, ವಾಚು ಬಿಚ್ಚಿದರು, ಜೇಬಿನ ಚಿಲ್ಲರೆಯನ್ನೂ ನನ್ನ ಕೈಗೆ ಕೊಟ್ಟರು. ಮಿಷಿನ್ನು ಹತ್ತಿ ಕಣ್ಣು ಮುಚ್ಚಿಕೊಂಡು ನಿಂತರು.

“ಎಂಬತ್ತೆರಡೂವರೆ” ಅಂದಳು ನರ್ಸು.

“ಇನ್ನೊಂದ್ ಸಲ ನೋಡಮ್ಮ.”

ಇಳಿಸಿ, ಹತ್ತಿಸಿ, ಮತ್ತೆ ನೋಡಿದಳು. ಎಂಬತ್ತೆರಡೂವರೆ.

“ಇನ್ನೊಂದೇ ಒಂದ್...”

“ರೀ” ಅಂದಳು ಅಕ್ಕ, ಗೋಡೆ ಪಕ್ಕದ ಕುರ್ಚಿಯಿಂದ. “ಸಾಕು, ಇಳೀರಿ. ಇದೊಂದನ್ನ ನಂಬಿ.”

ಭಾವ ಕಣ್ಣು ತೆರೆದರು. ಮಿಷಿನ್ನಿನ ಅಂಕಿಯನ್ನು ನೋಡಲೇ ಇಲ್ಲ. ಅಕ್ಕನ ಮುಖವನ್ನೇ ನೋಡುತ್ತಾ, ಬರಿಗಾಲಿನಲ್ಲಿ ಕೆಳಗಿಳಿದು ಬಂದು ಅವಳ ಪಕ್ಕ ಕೂತರು.