ಪಿಟೀಲಿಗೆ ಹಿಡಿದ ಛತ್ರಿ

ಉಪ್ಪು ತರಲು ಹೋದ ಅಂಚೆಯಣ್ಣ ಸೋಪು ತಂದದ್ದೇ ನೆಪವಾಯಿತು. ನಿವೃತ್ತನಾಗಿ ಎಂಟು ವರ್ಷವಾದರೂ ಬೀದಿಗೆಲ್ಲ ಅವನು ಅಂಚೆಯಣ್ಣನೇ.

“ನಮ್ಮ ಮಾವಂಗೂ ಹೀಗೇ ಶುರುವಾಗಿದ್ದು. ಆಮೇಲೆ ಕನ್ನಡಿ ನೋಡಿ ‘ಯಾರಪ್ಪಾ ನೀನು?’ ಅಂತಿದ್ರು,” ಎಂದ ಎದುರುಮನೆಯ ಕ್ಷೌರಿಕ, ಯಾರೂ ಕೇಳದಿದ್ದರೂ.

ಪಕ್ಕದ ಮನೆಯ ದರ್ಜಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಅಂಚೆಯಣ್ಣನ ಹೆಂಡತಿಯನ್ನೇ ಕೇಳಿದ. “ಅಕ್ಕಾ, ಅಣ್ಣನ ಅಂಗಿ ಒಳಗೆ ವಿಳಾಸ ಹೊಲಿದುಕೊಡ್ಲಾ?”

ನಲವತ್ತು ವರ್ಷ ಊರಿನವರ ವಿಳಾಸ ಹುಡುಕಿದವನಿಗೆ ಈಗ ತನ್ನ ವಿಳಾಸ ಅಂಟಿಸಿಕೊಂಡು ತಿರುಗುವ ಗತಿಯೇ! ಅವನು ಕೆಂಡವಾದ. ಹೆಂಡತಿ ಮಾತ್ರ ನಿಜಕ್ಕೂ ಹೆದರಿದ್ದಳು. “ರೀ, ಒಂದ್ಸಲ ತೋರಿಸಿಬಿಡೋಣ. ಏನೂ ಇಲ್ಲ ಅಂದ್ರೆ ಇವರ ಬಾಯಾದ್ರೂ ಮುಚ್ಚತ್ತೆ,” ಎಂದು ಆಸ್ಪತ್ರೆಗೆ ಕರೆದೊಯ್ದಳು. ಅವನನ್ನು ಒಳಗೆ ಕಳಿಸಿ ತಾನು ಹೊರಗೆ ಬೆಂಚಿನ ಮೇಲೆ ಕುಳಿತಳು.

ಡಾಕ್ಟರಮ್ಮ ಹತ್ತು ಜೋಡಿ ಪದ ಓದಿದರು. ಬೀಗ–ಕೀಲಿ, ಸೂಜಿ–ದಾರ ಸಲೀಸು. ಛತ್ರಿ–ಪಿಟೀಲು, ಏಣಿ–ಕನ್ನಡಿ ಬಂದಾಗ ಅಂಚೆಯಣ್ಣ ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತು ಬಿಟ್ಟು ಅವರು ಮೊದಲ ಪದ ಹೇಳಿ ಎರಡನೆಯದನ್ನು ಕೇಳತೊಡಗಿದರು. ರಿಜಿಸ್ಟರ್ ಪತ್ರಗಳಂತೆ ಹತ್ತನ್ನೂ ಅವನು ಅದರದರ ಮನೆಗೇ ಮುಟ್ಟಿಸಿದ.

“ಬೀಗ ಅಂದ್ರೆ ಕೀಲಿ ಯಾರಿಗಾದ್ರೂ ಹೊಳೆಯತ್ತೆ. ಛತ್ರಿಗೂ ಪಿಟೀಲಿಗೂ ಎಲ್ಲಿಯ ನಂಟು? ಎಲ್ಲರೂ ಮುಗ್ಗರಿಸೋದು ಇಲ್ಲೇ!”

“ನಂಟಿದೆ ಡಾಕ್ಟ್ರಮ್ಮ. ನಾಲ್ಕನೇ ಬೀದಿ ಸಂಗೀತದ ಟೀಚರಮ್ಮನ ಮನೆ ಸೋರ್ತಿತ್ತು. ಕಾಗದ ಕೊಡೋಕೆ ಹೋದ್ರೆ, ಪಿಟೀಲಿನ ಮೇಲೆ ಛತ್ರಿ ಬಿಡಿಸಿಟ್ಟು ತಾವು ನೆನೀತಾ ನಿಂತಿದ್ರು. ಏಣಿ–ಕನ್ನಡಿ ಅಂದ್ರೆ ನಮ್ಮ ಪೇಂಟರ್. ಹೆಣ್ಣಿನ ಕಡೆಯವ್ರು ಒಪ್ಪಿದ ಕಾಗದ ಏಣಿ ಮೇಲೇ ಓದಿ, ‘ಅಣ್ಣಾ, ಸ್ವಲ್ಪ ಕನ್ನಡಿ ಹಿಡಿ, ನನ್ನ ಮುಖ ನೋಡ್ಕೋತೀನಿ’ ಅಂದ.”

ಡಾಕ್ಟರಮ್ಮ ನಗುತ್ತಾ ಚೀಟಿ ಬರೆದುಕೊಟ್ಟರು.

ಪಕ್ಕದ ಬಾಗಿಲಿನಿಂದ ಹೊರಬಿದ್ದವನ ಕಾಲುಗಳು ತಾವಾಗಿಯೇ ಹಳೆಯ ಬೀದಿಗಳಿಗೆ ತಿರುಗಿದವು. ಟೀಚರಮ್ಮನ ಮನೆ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಪೇಂಟರ್ ಬಳಿದ ನೀಲಿ ಗೋಡೆ ಮಾತ್ರ ಅರ್ಧ ಉಳಿದಿತ್ತು. ಅದನ್ನು ಅಂಗೈಯಿಂದ ಸವರಿದ. ಒಂದು ಗೇಟಿನ ಮುಂದೆ ತಡೆಯಲಾರದೆ “ಪೋಸ್ಟ್!” ಎಂದು ಕೂಗಿಯೂಬಿಟ್ಟ. ಯಾರೂ ಓಡಿಬರಲಿಲ್ಲ. ಒಂದು ನಾಯಿ ಮಾತ್ರ, ಅಜ್ಜನ ಕಾಲದ ಹಗೆ ಜ್ಞಾಪಿಸಿಕೊಂಡಂತೆ, ಬೀದಿಯ ಕೊನೆಯವರೆಗೆ ಅಟ್ಟಿಸಿಕೊಂಡು ಬಂತು.

ಮನೆ ಸೇರುವಾಗ ಮೂರು ಗಂಟೆ. ಜಗಲಿಯ ಮೇಲೆ ಹರಟುತ್ತಿದ್ದವರ ಮುಂದೆ ಚೀಟಿ ಝಾಡಿಸಿದ. “ಓದಯ್ಯಾ, ಬೀದಿಗೆಲ್ಲ ಕೇಳೋ ಹಾಗೆ ಓದು!”

“‘ನೆನಪಿನ ಶಕ್ತಿ ಅತ್ಯುತ್ತಮ,’” ಎಂದು ಓದಿದ ಕ್ಷೌರಿಕ. ದರ್ಜಿ ತಲೆ ತಗ್ಗಿಸಿದ. ಅಂಚೆಯಣ್ಣನ ಮೀಸೆ ತಾನಾಗಿ ಮೇಲೇರಿತು.

ಕ್ಷೌರಿಕ ಚೀಟಿ ಮಡಚುತ್ತಾ ಅವನ ಹಿಂದೆ ಇಣುಕಿದ. “ಅದೆಲ್ಲ ಸರಿ ಅಂಚೆಯಣ್ಣ, ಅಕ್ಕ ಎಲ್ಲಿ?”

ಅಂಚೆಯಣ್ಣ ಬಂದ ದಾರಿಯತ್ತಲೇ ತಿರುಗಿ ಓಡಿದ. ಅತ್ತ ಆಸ್ಪತ್ರೆಯ ಬೆಂಚಿನ ಮೇಲೆ ಹೆಂಡತಿ ಊಟವೂ ಇಲ್ಲದೆ, ‘ಅಯ್ಯೋ, ಇಷ್ಟು ಹೊತ್ತಾಯ್ತಲ್ಲ, ಕಾಯಿಲೆ ಜೋರೇ ಇರಬೇಕು’ ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು.