ನರಸೀಪುರದ ಬಸ್ಸಿನಲ್ಲಿ ನನ್ನ ಕಿವುಡು

ನಾನು ನನ್ನ ಪಾಡಿಗೆ ಸುಮ್ಮನೆ ಕೂತಿರುವಾಗಲೇ ಏನಾದರೊಂದು ಬಂದು ಕೊರಳಿಗೆ ಬೀಳುತ್ತದೆ. ಟೂರ್ ಕಂಪನಿಯ ಕೆಲಸದಲ್ಲಿ ಯಾತ್ರಿಕರನ್ನು ಕಾಶಿಯಿಂದ ಕೈರೋವರೆಗೆ ಸುತ್ತಿಸುತ್ತಿದ್ದಾಗಲೂ ಹೀಗೇ ಇತ್ತು. ಸುತ್ತಾಟ ಸಾಕೆನಿಸಿ ನಂಜನಗೂಡಿನಲ್ಲಿ ಮನೆ ಮಾಡಿ, ದಿನಾ ಬಸ್ಸು ಹತ್ತಿ ನರಸೀಪುರದ ಟಿಕೆಟ್ ಬುಕಿಂಗ್ ಆಫೀಸಿಗೆ ಹೋಗತೊಡಗಿದ ಮೇಲೂ ತಪ್ಪಲಿಲ್ಲ. ಈ ಸಲ ಎಲ್ಲಕ್ಕೂ ಕಾರಣ ಕಡಲೆಕಾಳಿನಷ್ಟು ದಪ್ಪದ ಎರಡು ರಬ್ಬರು.

೧. ಟೆಲಿಫೋನ್ ಆಫೀಸು

ತೊಂಬತ್ತರ ದಶಕದಲ್ಲಿ ರಜೆಗೆ ಊರಿಗೆ ಬಂದಾಗ ನನ್ನ ಬಳಿ ಇದ್ದದ್ದು ತಲೆಯ ಮೇಲೆ ಕಮಾನಿನಂತೆ ಕೂರುವ ಹೆಡ್‌ಫೋನು. ಹಾಕಿಕೊಂಡರೆ ಮುಡಿದ ಮಲ್ಲಿಗೆ ಚಪ್ಪಟೆಯಾಗುತ್ತಿತ್ತು, ಓಲೆಯ ತಿರುಪು ಕುತ್ತಿಗೆಗೆ ಚುಚ್ಚುತ್ತಿತ್ತು, ಅರ್ಧ ಗಂಟೆಯೊಳಗೆ ಕಿವಿ ಆಗತಾನೇ ಬಾಣಲೆಯಿಂದ ತೆಗೆದ ಬೋಂಡದಂತಾಗುತ್ತಿತ್ತು. ಒಮ್ಮೆ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹದಿನಾರು ಎಂಬ ಊರಿನ ಅಜ್ಜಿಯೊಬ್ಬರು ನನ್ನನ್ನು ಬಹಳ ಹೊತ್ತು ನೋಡಿ, "ಏನವ್ವಾ, ಟೆಲಿಪೋನ್ ಆಪೀಸಲ್ಲಿ ಕೆಲ್ಸವಾ?" ಅಂದರು.

"ಇಲ್ಲ ಅಜ್ಜಿ, ಹಾಡು ಕೇಳ್ತಿದೀನಿ."

"ಅಂಗಾರೆ ಎಲ್ರಿಗೂ ಕೇಳಂಗೆ ಆಕು. ಇಷ್ಟು ಜನದ ಮುಂದೆ ನೀನೊಬ್ಳೇ ಓಳಿಗೆ ತಿನ್ಕಂಡು ಕುಂತಂಗದೆ."

೨. ಗಾಳಿ

ಆಮೇಲೆ ಕೊನೆಯ ಟೂರಿಗೆ ಹೋದಾಗ ಸಿಂಗಪುರದಲ್ಲಿ ಕಿವಿಯೊಳಗೇ ಕೂರುವ ಇಯರ್‌ಫೋನು ಕೊಂಡೆ. ಅದರ ಸುಖವನ್ನು ಏನು ಹೇಳಲಿ. ತುದಿಯಲ್ಲಿ ಮೆತ್ತನೆಯ ರಬ್ಬರು, ಒತ್ತಿದರೆ ಬಸ್ಸಿನ ಹಾರನ್ನು, ಕಂಡಕ್ಟರನ ಸೀಟಿ ಎಲ್ಲಾ ದೂರದೂರಿಗೆ ಹೋಗಿಬಿಡುತ್ತವೆ. ಹೂವಿಗೂ ಓಲೆಗೂ ತೊಂದರೆಯಿಲ್ಲ. ಸುತ್ತಿಟ್ಟರೆ ಎಲೆಅಡಿಕೆಯ ಸಂಚಿಯಲ್ಲೂ ಹಿಡಿಸುತ್ತದೆ. ಒಂದೇ ತೊಂದರೆ, ಆ ರಬ್ಬರು ಕಳೆದರೆ ನಂಜನಗೂಡಿನಲ್ಲಿ ಸಿಗುವುದಿಲ್ಲ. ಬಲಗಿವಿಯದು ಕಳೆದೇಹೋಯಿತು. ಸೈಕಲ್ ಶಾಪಿನವರು ಹತ್ತು ನಿಮಿಷ ತಿರುಗಿಸಿ ಮುರುಗಿಸಿ ನೋಡಿ, ಚಕ್ರದ ವಾಲ್‌ಟ್ಯೂಬಿನ ಒಂದು ತುಂಡು ಕತ್ತರಿಸಿ ಸಿಕ್ಕಿಸಿಕೊಟ್ಟರು. ಹಾಕಿಕೊಂಡು ನೋಡಿದೆ, ಜಗ್ಗಲಿಲ್ಲ.

"ಟೈಟಾಗಿ ಕೂತದಾ ಮೇಡಂ?"

"ಕೂತಿದೆ."

"ಗಾಳಿ ಒಡ್ಯದೇನಾದ್ರೂ ಇದ್ರೆ ಯೋಳಿ."

೩. ಮೇಷ್ಟ್ರ ಚೀಟಿ

ನನ್ನ ಆಸೆ ದೊಡ್ಡದೇನಲ್ಲ. ಆಫೀಸಿನಲ್ಲಿ ದಿನವಿಡೀ ಬಾಯಿ ಬಡಿದುಕೊಳ್ಳುವವಳಿಗೆ ಬಸ್ಸಿನ ಒಂದು ಗಂಟೆಯಾದರೂ ಯಾರೂ ಮಾತಾಡಿಸದೆ ಬಿಟ್ಟರೆ ಸಾಕು. ಅದಕ್ಕೆ ಅಡ್ಡ ಬಂದವರು ಕಳಲೆಯ ನಿವೃತ್ತ ಮೇಷ್ಟ್ರು. ನರಸೀಪುರದ ಹಾಸ್ಟೆಲ್ಲೊಂದರಲ್ಲಿ ಮಕ್ಕಳಿಗೆ ಬಿಟ್ಟಿಯಾಗಿ ಪಾಠ ಹೇಳಲು ದಿನಾ ಬರುತ್ತಿದ್ದರು, ದಿನಾ ನನ್ನ ಪಕ್ಕವೇ ಕೂರುತ್ತಿದ್ದರು. ಡ್ರೈವರು ಗೇರು ಹಾಕುವ ಮೊದಲೇ ಅವರ ಮಾತು ಹೊರಡುತ್ತಿತ್ತು. ನಡುವೆ ಸ್ಟಾಪುಗಳೂ ಇರಲಿಲ್ಲ.

ಒಂದು ದಿನ ನಾನೇ ಹೇಗೋ ನುಸುಳಿ, "ಮೂರು ದಿನ ಜ್ವರ ಬಂದು ಮಲಗಿದ್ದೆ ಸಾರ್. ಇವತ್ತೂ ಮೈ ಸುಡ್ತಿದೆ" ಅಂದೆ.

"ಸಂತೋಷ ಕಣಮ್ಮ, ಹಾಗೇ ಇರಬೇಕು" ಅಂದು ಮೇಷ್ಟ್ರು ತಮ್ಮ ಮೂಲವ್ಯಾಧಿಗೆ ಮರಳಿದರು.

ಮಾರನೇ ದಿನದಿಂದ ಬಸ್ಸು ಹತ್ತುತ್ತಲೇ ಇಯರ್‌ಫೋನು ತುರುಕಿ ಕಣ್ಣು ಮುಚ್ಚತೊಡಗಿದೆ. ಮೇಷ್ಟ್ರು ನನ್ನ ಕಿವಿಯನ್ನು ದಿಟ್ಟಿಸಿದರು. ನಾಲ್ಕನೇ ದಿನ ಮೊಣಕೈ ತಿವಿದು ಒಂದು ಚೀಟಿ ಕೊಟ್ಟರು. ಬೋರ್ಡಿನ ಮೇಲೆ ಬರೆದಂಥ ದುಂಡಕ್ಷರ: 'ಕಿವಿ ಯಾವಾಗಿನಿಂದ ಹೀಗೆ?'

ಇಯರ್‌ಫೋನನ್ನು ಅವರು ಕಿವುಡರ ಯಂತ್ರ ಅಂದುಕೊಂಡಿದ್ದರು. ಅಲ್ಲೇ ನಿಜ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಒಂದು ಗಂಟೆಯ ಮೌನ ಕಣ್ಣ ಮುಂದೆ ಕುಣಿಯಿತು. 'ಎರಡು ತಿಂಗಳಾಯ್ತು' ಎಂದು ಬರೆದುಕೊಟ್ಟೆ. ಸುಳ್ಳಲ್ಲ, ಇಯರ್‌ಫೋನು ಕೊಂಡು ಅಷ್ಟೇ ಆಗಿತ್ತು.

೪. ಬಸ್ಸಿಗೆಲ್ಲ ಗೊತ್ತಾದದ್ದು

ವಾರದೊಳಗೆ ಕಂಡಕ್ಟರು ನನಗೆ ಟಿಕೆಟನ್ನು ಕೈಸನ್ನೆಯಲ್ಲಿ ಕೊಡತೊಡಗಿದರು. ತರಕಾರಿ ಮಾರುವ ಹೆಂಗಸೊಬ್ಬಳು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯ ಸೀಸೆ ತಂದು ಮಡಿಲಲ್ಲಿಟ್ಟು, ಎರಡು ಬೆರಳು ಎತ್ತಿ, ದಿನಕ್ಕೆ ಎರಡು ತೊಟ್ಟು ಎಂದು ತೋರಿಸಿದಳು.

ಒಂದು ದಿನ ಪ್ಲೇಯರಿನ ಬ್ಯಾಟರಿ ಸತ್ತಿತ್ತು. ಅಭ್ಯಾಸಕ್ಕೆ ರಬ್ಬರು ಮಾತ್ರ ಸಡಿಲವಾಗಿ ಸಿಕ್ಕಿಸಿಕೊಂಡಿದ್ದೆ. ಹಿಂದಿನ ಸೀಟಿನಲ್ಲಿ ತರಕಾರಿಯವಳೂ ಅವಳ ಗೆಳತಿಯೂ ನನ್ನ ಬಗ್ಗೆಯೇ ಮಾತಾಡಿಕೊಳ್ಳುತ್ತಿದ್ದರು.

"ಮದ್ವೇನೂ ಆಗ್ಲಿಲ್ವಂತೆ ಕಣಕ್ಕ."

"ಕಿವಿ ಕೇಳ್ದಿರೋಳ್ನ ಯಾರ್ ಕಟ್ಕಂಡಾರು?"

"ಯಾಕೆ? ನನ್ ಗಂಡ ಆಗಿದ್ರೆ ಕಟ್ಕತಿದ್ದ. ನಾನು ಗೊರಕೆ ಗೊರಕೆ ಅಂತ ದಿನಾ ಬೈತೀನಲ್ಲ, ಆ ಕಾಟ ಇರ್ತಿರ್ನಿಲ್ಲ."

ನಗು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಹಿಂದಿನಿಂದ ಅನುಕಂಪದ ದನಿ ಬಂತು: "ಅಳ್ತಾವಳೆ ಕಣಕ್ಕ, ಪಾಪ. ಎಣ್ಣೆ ಉರೀತದೆ ಅನ್ಸುತ್ತೆ."

೫. ಹಲ್ಲಿ

ಒಂದು ಬೆಳಿಗ್ಗೆ ಮೇಷ್ಟ್ರು ಇನ್ನೊಂದು ಚೀಟಿ ಕೊಟ್ಟರು: 'ಭಾನುವಾರ ನರಸೀಪುರದ ಛತ್ರದಲ್ಲಿ ಉಚಿತ ಕಿವಿ ತಪಾಸಣೆ. ಹೆಸರು ಬರೆಸಿದ್ದೇನೆ. ಹೆದರಬೇಡಿ, ಜೊತೆಗೆ ನಾನಿರುತ್ತೇನೆ.'

ನಿಜ ಹೇಳಿದರೆ, ಅವರ ಮಾತು ತಪ್ಪಿಸಲಿಕ್ಕೇ ಕಿವುಡಿಯಾದೆ ಎಂದು ಗೊತ್ತಾಗಿ ಆ ಮುದಿಜೀವ ಎಷ್ಟು ನೊಂದುಕೊಂಡೀತು. ಹೋದೆ. ಏನೂ ಕೇಳಿಸದವಳಂತೆ ಕೂತು, ಇದಕ್ಕೆ ಯಂತ್ರ ಹಾಕಿ ಉಪಯೋಗವಿಲ್ಲ ಎಂದು ಡಾಕ್ಟರ ಬಾಯಲ್ಲೇ ಹೇಳಿಸಿಕೊಂಡು ವಾಪಸ್ಸಾಗುವುದು ನನ್ನ ಲೆಕ್ಕಾಚಾರ.

ಛತ್ರದಲ್ಲಿ ನಮ್ಮ ಬಸ್ಸಿನ ಅರ್ಧ ಜನ ನನ್ನನ್ನೇ ನೋಡಲು ಬಂದಿದ್ದರು. ಡಾಕ್ಟರು ನನ್ನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ ಬೆನ್ನ ಹಿಂದೆ ನಿಂತು ಪಿಸುಗುಟ್ಟಿದರು. "ಮಾವಿನಕಾಯಿ." ನಾನು ಕಲ್ಲು. "ರಸಬಾಳೆ." ನಾನು ಬಂಡೆ. ಅವರು ಇನ್ನೂ ಬಗ್ಗಿ, ಇನ್ನೂ ಮೆತ್ತಗೆ ಅಂದರು: "ಭುಜದ ಮೇಲೆ ಹಲ್ಲಿ."

ಕುರ್ಚಿ ಒಂದು ಕಡೆ, ನಾನು ಒಂದು ಕಡೆ. "ಅಯ್ಯೋ, ಹಲ್ಲಿ, ತೆಗೀರಿ" ಎಂದು ಕೂಗಿದ್ದು ಬೀದಿಗೆಲ್ಲ ಕೇಳಿಸಿತಂತೆ.

ತರಕಾರಿಯವಳು ಮೊದಲು ವಿಚಾರಿಸಿದ್ದು ನನ್ನ ಕಿವಿಯನ್ನಲ್ಲ. "ಯಾವ ಬುಜ? ಎಡ್ಗಡೆ ಬಿದ್ರೆ ಎಂಗಸ್ರಿಗೆ ಒಳ್ಳೇದು."

"ಇವರಿಗೆ ನನಗಿಂತ ಚೆನ್ನಾಗಿ ಕೇಳುತ್ತೆ" ಎಂದರು ಡಾಕ್ಟರು. ಭೂಮಿ ಬಾಯಿಬಿಡಬಾರದೇ ಎಂದುಕೊಳ್ಳುತ್ತಾ ಮೇಷ್ಟ್ರ ಕಡೆ ತಿರುಗಿದೆ. ಅವರು ಶಾಂತವಾಗಿ ನಗುತ್ತಾ ನಿಂತಿದ್ದರು. "ಏನಂದ್ರು ಡಾಕ್ಟ್ರು? ಗುಣ ಆಗುತ್ತಂತಾ?"

ಡಾಕ್ಟರು ಅವರನ್ನು ಒಂದು ಗಳಿಗೆ ನೋಡಿ, ಹಿಂದೆ ಹೋಗಿ ನಿಂತು, ಸಾಕಷ್ಟು ಗಟ್ಟಿಯಾಗಿಯೇ ಹೇಳಿದರು: "ಮೇಷ್ಟ್ರೇ, ನಿಮ್ಮ ಪಂಚೆ ಬಿಚ್ಚಿಕೊಂಡಿದೆ."

ಛತ್ರವೆಲ್ಲ ಪಂಚೆಯ ಕಡೆ ನೋಡಿತು. ಮೇಷ್ಟ್ರು ನಗುತ್ತಲೇ ಇದ್ದರು.

ಎರಡು ವಾರದ ನಂತರ ಮೇಷ್ಟ್ರು ಕಿವಿಯಲ್ಲಿ ಪುಟ್ಟ ಯಂತ್ರವಿಟ್ಟುಕೊಂಡು ಬಸ್ಸು ಹತ್ತಿದರು. ಪಕ್ಕ ಕೂತು ಮೆಲ್ಲಗೆ ಹೇಳಿದರು: "ಯಾರಾದ್ರೂ ಏನಾದ್ರೂ ಕೇಳಿದ್ರೆ ಕಿವುಡು ಗೊತ್ತಾಗಿಬಿಡುತ್ತಲ್ಲಮ್ಮ, ಅದಕ್ಕೇ ಯಾರಿಗೂ ಬಿಡುವು ಕೊಡದೆ ನಾನೇ ಮಾತಾಡ್ತಿದ್ದೆ. ಶಿಬಿರಕ್ಕೆ ಒಬ್ಬನೇ ಹೋಗೋಕೆ ನಾಚಿಕೆ. ನಿಮಗೂ ಕೇಳಲ್ಲ ಅಂದಾಗ ಜೊತೆ ಸಿಕ್ತು ಅನ್ನಿಸ್ತು." ಆಮೇಲೆ ಏನೋ ಹೊಳೆದಂತೆ ನನ್ನ ಮುಖ ನೋಡಿದರು. "ಅಂದ್ರೆ ಅಷ್ಟು ದಿನದ ಮಾತು ನಿಮಗೆ ಪೂರ್ತಿ ಕೇಳಿಸ್ತಿತ್ತಾ? ಛೆ, ಪಾಪ."

ನನಗೆ ಕಣ್ಣು ತುಂಬಿತು. ಇಯರ್‌ಫೋನು ತೆಗೆದು ಚೀಲಕ್ಕೆ ಹಾಕಿದೆ. ಪ್ರಾಯಶ್ಚಿತ್ತಕ್ಕೆಂದು ಅವರಿಗೆ ಕೈರೋ ಕಥೆ ಶುರು ಮಾಡಿದೆ: ಒಂಟೆ ಹತ್ತಿದ್ದು, ಒಂಟೆಯಿಂದ ಬಿದ್ದದ್ದು, ಬಿದ್ದ ಮೇಲೆ ಪಾಸ್‌ಪೋರ್ಟು ಕಳೆದದ್ದು, ಅದನ್ನು ಹುಡುಕಲು ಮತ್ತೆ ಒಂಟೆ ಹತ್ತಿದ್ದು. ಮೇಷ್ಟ್ರು ಕಣ್ಣರಳಿಸಿ ಕೇಳಿದರು. ಎರಡನೇ ಒಂಟೆಯ ಹೊತ್ತಿಗೆ ಅವರ ಬೆರಳು ಮೆಲ್ಲಗೆ ಕಿವಿಯ ಹಿಂದೆ ಹೋಗಿ ಏನೋ ತಿರುಗಿಸಿತು. ನಾನು ಗಮನಿಸದವಳಂತೆ ಮುಂದುವರಿಸಿದೆ: "ಆ ಒಂಟೆ ನನ್ನ ಕೈ ಕಚ್ಚಿಬಿಡ್ತು ಸಾರ್."

"ಸಂತೋಷ ಕಣಮ್ಮ" ಅಂದರು ಮೇಷ್ಟ್ರು, "ಹಾಗೇ ಇರಬೇಕು."