ಕಳೆ ಹೋಗದಿರಲಿ ಎಂದ ತಪ್ಪಿಗೆ

ನಮ್ಮ ಮನೆಯ ಮುಂದಿನ ಹೂದೋಟದ ಹಾಲಿ ಒಡೆಯರೂ, ಗೇಟಿನಿಂದ ಹಿಡಿದು ಬಚ್ಚಲಿನ ಕೊಳವೆಯವರೆಗಿನ ಸಮಸ್ತ ಪ್ರದೇಶವನ್ನು ಚಕಾರವೆತ್ತದೆ ವಶಪಡಿಸಿಕೊಂಡ ಮಹನೀಯರೂ ಆದ ಬಿಳಿ ಹೂವಿನ ಕಳೆಬಳ್ಳಿಯವರ ಸನ್ನಿಧಿಗೆ, ಇದೇ ಮನೆಯ ಯಜಮಾನಿ ತಾನೆಂದು ಮೊನ್ನೆಯವರೆಗೂ ನಂಬಿಕೊಂಡಿದ್ದವಳು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳುವುದು ಅಧಿಕಪ್ರಸಂಗವಾದೀತು. ತಮ್ಮ ಕ್ಷೇಮ ಬೀದಿಯ ತಿರುವಿನಿಂದಲೇ ಕಾಣುತ್ತದೆ. ಅಕ್ಕನ ಊರಿನಿಂದ ಹಿಂತಿರುಗಿ, ಬಸ್ಸಿಳಿದು, ಪೆಟ್ಟಿಗೆ ಎಳೆದುಕೊಂಡು ಬಂದ ನನಗೆ ನನ್ನದೇ ಮನೆಯ ಗೇಟು ತೆರೆಯಲಾಗಲಿಲ್ಲ, ಏಕೆಂದರೆ ಚಿಲಕದ ಸುತ್ತ ತಾವು ಬಿಗಿಯಾಗಿ ಸುತ್ತಿಕೊಂಡು ವಿಶ್ರಮಿಸುತ್ತಿದ್ದಿರಿ. ನಾನು ಕೂಗಿದ್ದು ಕೇಳಿ ಒಳಗಿನಿಂದ ಓಡಿಬಂದ ನಮ್ಮವರು, ಹೇಗಿದ್ದೀಯೆ ಎಂದು ಕೇಳುವುದು ಬಿಟ್ಟು, "ಮೆಲ್ಲಗೆ, ಮೆಲ್ಲಗೆ, ಎಳೀಬೇಡ ಕಣೇ, ಕಿತ್ತು ಬಂದುಬಿಡತ್ತೆ" ಎಂದು ತಮ್ಮ ಪರವಾಗಿ ಅಂಗಲಾಚಿದರು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವರು ಯಾರ ವಿಷಯಕ್ಕೂ ಇಷ್ಟು ಗಾಬರಿಯಾದದ್ದನ್ನು ನಾನು ಕಂಡಿರಲಿಲ್ಲ. ತಮಗೆ ಅಭಿನಂದನೆಗಳು.

ಇದರಲ್ಲಿ ತಮ್ಮ ತಪ್ಪು ಎಳ್ಳಷ್ಟೂ ಇಲ್ಲವೆಂದು ನಾನು ಒಪ್ಪಿಕೊಳ್ಳುತ್ತೇನೆ. ತಪ್ಪೆಲ್ಲ ನಮ್ಮ ಭಾಷೆಯದು. ಅಕ್ಕನ ಮಂಡಿಗೆ ಆಪರೇಷನ್ ಆಗಿ, ಅವಳನ್ನು ನೋಡಿಕೊಳ್ಳಲು ಶಾಲೆಗೆ ರಜೆ ಹಾಕಿ ನಾನು ಹೊರಟಾಗ ಚಳಿಗಾಲ ಇನ್ನೂ ಪೂರ್ತಿ ಹೋಗಿರಲಿಲ್ಲ. ಗುಲಾಬಿ ಕಡ್ಡಿಗಳಲ್ಲಿ ಕೆಂಪು ಚಿಗುರು ಆಗಷ್ಟೇ ಮೂಡುತ್ತಿತ್ತು, ಚೆಂಡುಹೂವಿನ ಬೀಜ ಪಾತಿಯಲ್ಲಿ ಬಿದ್ದಿತ್ತು, ಅಮ್ಮನ ಡೇಲಿಯಾದ ಗೆಡ್ಡೆಯನ್ನು ಮೂಲೆಯಲ್ಲಿ ಊರಿದ್ದೆ. ಮೆಟ್ಟಿಲಿಳಿಯುತ್ತ ನಮ್ಮವರಿಗೆ ಒಂದೇ ಒಂದು ಮಾತು ಹೇಳಿದೆ: "ನಾನು ಬರೋವಷ್ಟರಲ್ಲಿ ತೋಟದ ಕಳೆ ಹೋಗಿರಬಾರ್ದು, ನೋಡ್ಕೊಳ್ಳಿ." ನಾನು ಹೇಳಿದ್ದು ಮುಖದ ಮೇಲೆ ಇರುತ್ತದಲ್ಲ, ಆ ಕಳೆ, ದೀಪ ಹಚ್ಚಿದರೆ ಮನೆಗೆ ಬರುತ್ತದಲ್ಲ, ಆ ಕಳೆ. ಅವರು ಕೇಳಿಸಿಕೊಂಡದ್ದು ತಮ್ಮನ್ನು.

ನಮ್ಮವರು ಅಚ್ಚುಕೂಟದಲ್ಲಿ ಕರಡು ತಿದ್ದುವವರು. ಒಂದು ದೀರ್ಘ ಬಿಟ್ಟುಹೋದರೆ ಊಟ ಬಿಡುವ, ಒಂದು ಒತ್ತಕ್ಷರ ತಪ್ಪಿದರೆ ನಿದ್ದೆಗೆಡುವ ಮನುಷ್ಯ. ಆದರೆ ಅರ್ಥದ ವಿಚಾರ ಬಂದರೆ ಮಾತ್ರ ಅದು ಬರೆದವರ ಹೊಣೆಯೆಂದು ಕೈ ತೊಳೆದುಕೊಳ್ಳುತ್ತಾರೆ. ಹೆಂಡತಿಯ ವಾಕ್ಯದಲ್ಲಿ ವ್ಯಾಕರಣ ಸರಿಯಾಗಿಯೇ ಇತ್ತು. ಪ್ರತಿ ವಸಂತದಲ್ಲೂ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವವಳು ಈ ಸಲ ಅದು ಹೋಗಬಾರದು ಎನ್ನುತ್ತಿದ್ದಾಳಲ್ಲ ಎಂಬ ಅನುಮಾನ ಅವರಿಗೂ ಬಂದಿತ್ತಂತೆ, ಎಲ್ಲೋ ಏನೋ ಹೊಸದಾಗಿ ಓದಿಕೊಂಡಿರಬೇಕೆಂದು ಸುಮ್ಮನಾದರಂತೆ. ಫೋನಿನಲ್ಲಾದರೂ ಗುಟ್ಟು ಬಯಲಾಗಬೇಕಿತ್ತು. "ತೋಟ ಕಳೆಯಾಗಿದೆಯೇನ್ರೀ?" ಎಂದು ನಾನು ಕೇಳಿದರೆ, "ಕಳೆ ದಿನದಿನಕ್ಕೂ ಹೆಚ್ಚಾಗ್ತಾ ಇದೆ, ನೀನೇನೂ ಯೋಚನೆ ಮಾಡ್ಬೇಡ" ಎಂದು ಅವರು. ಆ ತುದಿಯಲ್ಲಿ ನಾನು ಹಿಗ್ಗಿದೆ, ಈ ತುದಿಯಲ್ಲಿ ತಾವು ಹಿಗ್ಗಿದಿರಿ.

ತಮ್ಮ ಹಿಗ್ಗುವಿಕೆಗೆ ಈ ಮನೆ ಯಾವ ಕೊರತೆಯನ್ನೂ ಮಾಡಿಲ್ಲವೆಂದು ಈಗ ನೋಡಿ ತಿಳಿದುಕೊಂಡಿದ್ದೇನೆ. ಗುಲಾಬಿಗೆಂದು ನಾನು ತಂದಿಟ್ಟಿದ್ದ ಗೊಬ್ಬರ ತಮ್ಮ ಬುಡಕ್ಕೆ ಸಂದಿದೆ. ನನ್ನ ಹೊಲಿಗೆ ಡಬ್ಬಿಯ ದಾರವೆಲ್ಲ ತಮಗೆ ಏಣಿಯಾಗಿದೆ. ಬಟ್ಟೆ ಒಣಗಿಸುವ ತಂತಿಯನ್ನು ತಾವು ಬಯಸಿದಿರೆಂದು ನಮ್ಮವರು ಅಂಗಿಗಳನ್ನು ಅಡುಗೆಮನೆಯಲ್ಲಿ, ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿ, ಒಗ್ಗರಣೆ ವಾಸನೆಯಲ್ಲೇ ಕೆಲಸಕ್ಕೆ ಹೋಗಿದ್ದಾರೆ. ಪಕ್ಕದ ಮನೆಯ ಗಡಿಯಾರ ರಿಪೇರಿಯವರು ಒಂದು ಬೆಳಿಗ್ಗೆ ಗೇಟಿನಲ್ಲಿ ನಿಂತು, "ಅಬ್ಬಬ್ಬಾ, ಏನ್ ಕಳೆ ಸ್ವಾಮಿ ನಿಮ್ಮ ಅಂಗಳದಲ್ಲಿ!" ಎಂದು ತಲೆ ಚಚ್ಚಿಕೊಂಡರಂತೆ, ನಮ್ಮವರು ಅದನ್ನು ಮೆಚ್ಚುಗೆಯೆಂದು ಭಾವಿಸಿ ಒಳಗೆ ಕರೆದು ಕಾಫಿ ಕೊಟ್ಟು ಕಳಿಸಿದ್ದಾರೆ.

ತಮ್ಮ ದಕ್ಷತೆಯನ್ನು ಕಂಡು ನನಗೆ ನಿಜಕ್ಕೂ ಬೆರಗಾಗಿದೆ. ನಮ್ಮ ಬೀದಿಯಲ್ಲಿ ಚರಂಡಿಗೆಂದು ತೋಡಿದ ಗುಂಡಿಯನ್ನು ಮುಚ್ಚಲು ಪುರಸಭೆ ಕಚೇರಿಯವರಿಗೆ ಇನ್ನೂ ಪುರುಸೊತ್ತಾಗಿಲ್ಲ, ತಾವಾದರೋ ಯಾರೂ ಅರ್ಜಿ ಹಾಕದೆಯೇ ಇಡೀ ತೋಟವನ್ನು ಮುಚ್ಚಿ ಮುಗಿಸಿದ್ದೀರಿ. ದಯಮಾಡಿ ಆ ಕಚೇರಿಗೆ ವರ್ಗಾವಣೆ ಪಡೆದು ಹೋಗುವ ಬಗ್ಗೆ ಯೋಚಿಸಬಾರದೇಕೆ? ಅಲ್ಲಿ ಕುರ್ಚಿಗಳಿವೆ, ಅವುಗಳ ಮೇಲೆ ಅಲುಗಾಡದೆ ಕೂತವರಿದ್ದಾರೆ, ತಮಗೆ ಹಬ್ಬಿಕೊಳ್ಳಲು ಅದಕ್ಕಿಂತ ಒಳ್ಳೆಯ ಆಸರೆ ಸಿಗಲಾರದು. ಹೋಗುವ ಮೊದಲು ನನ್ನ ಏಳನೆಯ ತರಗತಿಗೆ ಬಂದು, ಯಾರು ಎಷ್ಟು ಸಲ ಹೊರಗೆ ಹಾಕಿದರೂ ಮತ್ತೆ ಒಳಗೆ ಬರುವುದು ಹೇಗೆಂದು ಒಂದು ಪಾಠ ಮಾಡಿದರೆ ಇನ್ನೂ ಉಪಕಾರ. ನನ್ನ ಹುಡುಗರು ಅದರ ಅರ್ಧ ಭಾಗವನ್ನು, ಅಂದರೆ ಹೊರಗೆ ಹೋಗುವುದನ್ನು, ಆಗಲೇ ಕಲಿತಿದ್ದಾರೆ.

ಇನ್ನು ಅಹವಾಲಿಗೆ ಬರುತ್ತೇನೆ. ಮೂಲೆಯ ಪಾತಿಯಲ್ಲಿ ತಾವು ಬಹಳ ಪ್ರೀತಿಯಿಂದ ಅಪ್ಪಿಕೊಂಡಿರುವ ಗಿಡವೊಂದಿದೆ. ಅದು ಅಮ್ಮನ ಡೇಲಿಯಾ. ಅಮ್ಮ ಹೋದ ಮೇಲೆ ಅವಳ ಪಾತ್ರೆಗಳು ಹಂಚಿಹೋದವು, ಬಟ್ಟೆಗಳು ಜೀರ್ಣವಾದವು, ಅವಳ ದನಿ ಹೇಗಿತ್ತೆಂಬುದೂ ನನಗೆ ಸರಿಯಾಗಿ ನೆನಪಿಗೆ ಬರುವುದಿಲ್ಲ. ಆ ಗೆಡ್ಡೆ ಮಾತ್ರ ಪ್ರತಿ ವರ್ಷ ಮಣ್ಣಿನಿಂದೆದ್ದು ಅಂಗೈಯಗಲದ ಕಡುಗೆಂಪು ಹೂ ಬಿಡುತ್ತದೆ. ಕಾಲು ಚಾಚಿ ಮಲಗಿದ್ದ ಅಕ್ಕ, ನಡೆಯಲು ಹೇಳಿದರೆ ನಾಳೆ ಎನ್ನುತ್ತಿದ್ದವಳು, ನಾನು ಹೊರಡುವ ದಿನ ಕೈ ಹಿಡಿದುಕೊಂಡು, "ಅಮ್ಮನ ಗಿಡ ಹೂ ಬಿಟ್ರೆ ನಂಗೊಂದು ತಂದ್ಕೊಡೇ, ಬಾಗಿಲವರೆಗೂ ನಾನೇ ನಡೆದು ಬಂದು ಇಸ್ಕೋತೀನಿ" ಎಂದಳು. ನಾನು ಹೂಂ ಎಂದು ಬಂದಿದ್ದೇನೆ.

ಗಿಡವೇನೋ ಇದೆ. ಎಲೆಗಳು ಹಳದಿಯಾಗಿವೆ, ಬೆನ್ನು ಬಾಗಿದೆ, ತುದಿಯಲ್ಲಿ ಬಟಾಣಿಯಷ್ಟು ದಪ್ಪದ ಒಂದೇ ಒಂದು ಮೊಗ್ಗಿದೆ. ಅದನ್ನು ಕಂಡು ಪಾತಿಯ ಪಕ್ಕದಲ್ಲೇ ಕೂತು ಅತ್ತುಬಿಟ್ಟೆ. ಆಗಲೇ ನಮ್ಮವರಿಗೆ ಇಷ್ಟು ದಿನ ಕಾಪಾಡಿದ್ದು ಯಾವ ಕಳೆಯನ್ನು ಎಂಬುದು ಅರ್ಥವಾದದ್ದು. ಪಾಪ, ಮುಖ ಸಣ್ಣದು ಮಾಡಿಕೊಂಡು ನಿಂತುಬಿಟ್ಟರು, ಬೈಯಲೂ ನನಗೆ ಬಾಯಿ ಬರಲಿಲ್ಲ. ಅದಕ್ಕಾಗಿಯೇ ತಮ್ಮ ಮೇಲೆ ತೀರಿಸಿಕೊಳ್ಳಲು ಇಷ್ಟು ಸಿಟ್ಟು ಉಳಿದಿದೆ.

ತಮ್ಮನ್ನು ಒಂದೇ ಏಟಿಗೆ ಎಳೆದು ಬೀದಿಗೆ ಎಸೆಯುವುದು ನನಗೆ ಕಷ್ಟದ ಕೆಲಸವಲ್ಲ. ನಾನು ಗಣಿತದ ಟೀಚರು. ಕಳೆಯುವುದನ್ನು ಕಲಿಸಿಯೇ ಸಂಬಳ ತೆಗೆದುಕೊಂಡವಳು. ಆದರೆ ತಾವು ಬುಡದಿಂದ ಮೊಗ್ಗಿನ ತೊಟ್ಟಿನವರೆಗೆ ಎಂಥ ಜಾಣತನದಿಂದ ಸುತ್ತಿಕೊಂಡಿದ್ದೀರೆಂದರೆ, ತಮ್ಮನ್ನು ಎಳೆದರೆ ಅದೂ ಮುರಿಯುತ್ತದೆ, ತಮ್ಮನ್ನು ಬಿಡಿಸಹೋದರೆ ಅದರ ಸಿಪ್ಪೆಯೂ ಸುಲಿಯುತ್ತದೆ. ಒತ್ತೆಯಾಳನ್ನು ಹಿಡಿದು ಕೂತವರ ಮುಂದೆ ಯಾರಾದರೂ ದನಿಯೇರಿಸುತ್ತಾರೆಯೇ? ಈ ಪತ್ರದ ಉದ್ದಕ್ಕೂ ತಮಗೆ ಕಾಣಿಸಿರಬಹುದಾದ ವಿನಯಕ್ಕೆ ಅದೇ ಕಾರಣ, ನನ್ನ ಸ್ವಭಾವವಲ್ಲ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಸುತ್ತಿಕೊಂಡ ಕ್ರಮದಲ್ಲೇ ಹಿಂದುಹಿಂದಕ್ಕೆ ಬಿಚ್ಚಿಕೊಂಡು, ಮೊಗ್ಗಿಗೆ ಒಂದು ಗೀರೂ ಬೀಳದಂತೆ ಕೆಳಗಿಳಿದು, ಬಂದ ದಾರಿಯಲ್ಲೇ ಮಣ್ಣಿಗೆ ಮರಳಬೇಕಾಗಿ ಕೋರುತ್ತೇನೆ. ತಮಗೆ ಬಟ್ಟೆ ತಂತಿಯನ್ನು ಖಾಯಂ ಆಗಿ ಬಿಟ್ಟುಕೊಡಲು ಸಿದ್ಧಳಿದ್ದೇನೆ. ಗುಲಾಬಿಯನ್ನೂ ಬೇಕಾದರೆ ಇಟ್ಟುಕೊಳ್ಳಿ, ಅದಕ್ಕೆ ಮುಳ್ಳಿದೆ, ಅದರ ಪಾಡು ಅದು ನೋಡಿಕೊಳ್ಳುತ್ತದೆ. ಆ ಒಂದು ಗಿಡವನ್ನು ಬಿಟ್ಟುಕೊಡಿ.

ತಮ್ಮ ಬುಡದವರೆಗೂ ಬಗ್ಗಿ ನಮಸ್ಕರಿಸುತ್ತಿರುವ,
ತಮ್ಮ ವಿಶ್ವಾಸಿ,
ಮನೆಯಾಕೆ

ವಿ.ಸೂ.: ಪತ್ರ ಇಷ್ಟು ಉದ್ದವಾದದ್ದಕ್ಕೆ ಮನ್ನಿಸಬೇಕು, ಸ್ವಲ್ಪ ಬೇಕೆಂದೇ ಎಳೆದೆ. ಪಾತಿಯ ಮುಂದೆ ಕುರ್ಚಿ ಹಾಕಿಕೊಂಡು ನಾನಿದನ್ನು ತಮಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಷ್ಟು ಹೊತ್ತೂ ನಮ್ಮವರು ತಮ್ಮ ಹಿಂದುಗಡೆ ಮಣ್ಣಿನಲ್ಲಿ ಮಂಡಿಯೂರಿ, ಭೂತಗನ್ನಡಿ ಹಿಡಿದು, ಡೇಲಿಯಾದ ದಂಟು ಯಾವುದು ತಮ್ಮದು ಯಾವುದು ಎಂದು ಎರಡೆರಡು ಸಲ ನೋಡಿಕೊಂಡು, ನನ್ನ ಹೊಲಿಗೆ ಕತ್ತರಿಯಿಂದ ತಮ್ಮ ಬುಡಗಳನ್ನು ಒಂದೊಂದಾಗಿ ಕತ್ತರಿಸುತ್ತಿದ್ದರು. ಕೊನೆಯದು "ತಮ್ಮ ವಿಶ್ವಾಸಿ" ಎನ್ನುವಲ್ಲಿಗೆ ಮುಗಿಯಿತು. ಇನ್ನು ಮೇಲೆ ತಮ್ಮನ್ನು ಯಾರೂ ಎಳೆಯುವುದಿಲ್ಲ, ಯಾರೂ ಮುಟ್ಟುವುದಿಲ್ಲ. ಮೊಗ್ಗು ಅರಳಲು ಇನ್ನೂ ದಿನಗಳಿವೆ, ಅವಸರವೇನಿಲ್ಲ, ನಿಧಾನವಾಗಿ ಒಣಗಿ.